ರತ್ನಗಂಬಳಿ ನುಂಗಿದ ಹೊಯಿಗೆ

"ಇನ್ನೂರು ಗ್ರಾಂ. ಮುಳ್ಳು ನೆಟ್ಟಗೆ ಉಂಟಲ್ಲ? ನೀವೇ ಬಗ್ಗಿ ನೋಡಿ ಸಾಹೇಬರೇ. ಆಮೇಲೆ ಮುದುಕ ಎಂತದೋ ಕೈಚಳಕ ಮಾಡಿದ ಅಂತ ಆಗುವುದು ಬೇಡ."

ನೋಣಯ್ಯ ತಕ್ಕಡಿಯನ್ನು ಎತ್ತಿ ಹಿಡಿದಿದ್ದ. ಒಂದು ತಟ್ಟೆಯಲ್ಲಿ ಹಾಜಬ್ಬನ ಅಂಗಡಿಯಿಂದ ಕೇಳಿ ತಂದ ತೂಕದ ಕಲ್ಲುಗಳು, ಇನ್ನೊಂದರಲ್ಲಿ ಒಣಗಿದ ಹೊಯಿಗೆ, ಹೊಳೆಯ ಮರಳು. ಬೆಳಿಗ್ಗೆ ಬಂಟ್ವಾಳದಲ್ಲಿ ಬಸ್ಸು ಹತ್ತುವ ಮೊದಲು ನೇತ್ರಾವತಿಯ ದಂಡೆಯಿಂದ ಟವೆಲಿನಲ್ಲಿ ಕಟ್ಟಿ ತಂದಿದ್ದ. "ಮೂಡುಬಿದಿರೆಯಲ್ಲಿ ಹೊಯಿಗೆಗೂ ಬರ ಬಂತಾ ಮಾರಾಯ್ರೆ?" ಎಂದು ಕಂಡಕ್ಟರ್ ತಮಾಷೆ ಮಾಡಿದಾಗ ಅವನಿಗೆ ನಗು ಬಂದಿರಲಿಲ್ಲ.

ನಗುವ ದಿನವೂ ಅದಲ್ಲ. ಮನೆಯ ಮುಂದಿನ ಚಾವಡಿಯ ಮೆಟ್ಟಿಲ ಮೇಲೆ, ಕಾನ್‌ಸ್ಟೇಬಲ್ ಒಬ್ಬನ ಪಕ್ಕದಲ್ಲಿ, ಮಹಜರಿಗೆಂದು ಠಾಣೆಯಿಂದ ಕರೆತಂದಿದ್ದ ಪದ್ಮಾಕ್ಷಿ ಮೊಣಕಾಲಿಗೆ ಮುಖ ಒತ್ತಿ ಕೂತಿದ್ದಳು. ಇಪ್ಪತ್ತೆರಡು ವರ್ಷ ಈ ಮನೆಯ ಕಸ ಗುಡಿಸಿದವಳು. ಗುರುವಾರ ಮಧ್ಯಾಹ್ನ ಈ ಜೈನ ಮನೆತನದ ಸ್ಫಟಿಕದ ಚಂದ್ರನಾಥ ಸ್ವಾಮಿಯ ಬಿಂಬ ಕಾಣೆಯಾಯಿತು. ಆಗ ಮನೆಯೊಳಗೆ ಇದ್ದ ಹೊರಗಿನವಳು ಇವಳೊಬ್ಬಳೇ ಎಂದು ನಿನ್ನೆ ಸಂಜೆ ಜೀಪಿಗೆ ಹತ್ತಿಸಿದ್ದರು. ಇವತ್ತು ಸೂರ್ಯ ಮುಳುಗುವುದರೊಳಗೆ ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಷ್ಟರೊಳಗೆ ಅವಳಲ್ಲ ಎಂದು ತೋರಿಸಿದರೆ ಸರಿ, ಇಲ್ಲದಿದ್ದರೆ ಅವಳು ಜೈಲಿಗೆ.

"ತೂಕ ಸರಿ ಉಂಟು," ಎಂದ ಸಬ್ ಇನ್‌ಸ್ಪೆಕ್ಟರ್ ಶ್ರೀಕೃಷ್ಣ ರಾವ್. "ಆದರೆ ಇದೆಲ್ಲ ಎಂತಕ್ಕೆ ನೋಣಯ್ಯನವರೇ? ಜೀಪು ಕಾಯ್ತಾ ಉಂಟು."

ಸಾಹೇಬರೇ ಎಂದು ಕರೆಯುವಾಗ ನೋಣಯ್ಯನ ನಾಲಿಗೆ ಇನ್ನೂ ಸ್ವಲ್ಪ ತಡವರಿಸುತ್ತಿತ್ತು. ಹನ್ನೆರಡು ವರ್ಷಗಳ ಹಿಂದೆ ಅವನು ಹೆಡ್ ಕಾನ್‌ಸ್ಟೇಬಲ್ ಆಗಿದ್ದ ಬಂಟ್ವಾಳದ ಠಾಣೆಯಲ್ಲಿ ಈ ಶ್ರೀಕೃಷ್ಣ ರೈಟರ್. ಕಾಗದ ಬರೆಯುವುದು, ವಶಪಡಿಸಿದ ಸಾಮಾನಿಡುವ ಮಾಲುಖಾನೆಯ ಬೀಗ ನೋಡಿಕೊಳ್ಳುವುದು ಅವನ ಕೆಲಸ. ಈಗ ನೋಣಯ್ಯನಿಗೆ ಪಿಂಚಣಿ, ಅವನಿಗೆ ಭುಜದ ಮೇಲೆ ನಕ್ಷತ್ರ. ಕಾಲ ತಿರುಗುವುದೇ ಹಾಗೆ.

"ಹತ್ತು ನಿಮಿಷ ಸಾಹೇಬರೇ. ಒಂದು ಲೆಕ್ಕ ನೋಡುವ."

ಚಾವಡಿಯ ಒಳಕೋಣೆಯ ನೆಲವನ್ನು ಪೂರ್ತಿ ಮುಚ್ಚಿ ರತ್ನಗಂಬಳಿ ಹಾಸಿತ್ತು. ಕೆಂಪು ನೆಲ, ನೀಲಿ ಬಳ್ಳಿ. ಬೆರಳಿಟ್ಟರೆ ಉಗುರು ಮುಳುಗುವಷ್ಟು ದಪ್ಪ. ಅದರ ಮಧ್ಯದಲ್ಲಿ, ನಾಯಿಮರಿಯಂತೆ ಕೊಳವೆ ಚಾಚಿಕೊಂಡು ಕೂತಿತ್ತು ಧೂಳು ಎಳೆಯುವ ವ್ಯಾಕ್ಯೂಮ್ ಕ್ಲೀನರ್. ಅದರ ಪಕ್ಕದಲ್ಲಿ, ಅದರ ಅಪ್ಪನಂತೆ ನಿಂತಿದ್ದವನು ಸಂಪತ್‌ಕುಮಾರ, ಮನೆಯೊಡತಿ ಅನಂತಮತಿಯಮ್ಮನ ಮಗಳು ಯಶೋಧೆಯ ಗಂಡ. ಮುಂಬಯಿಯಿಂದ ಈ ಯಂತ್ರವನ್ನು ತಂದದ್ದು ಅವನೇ. ಜಿಲ್ಲೆಗೆಲ್ಲ ಇದರ ಏಜೆನ್ಸಿ ಹಿಡಿಯುತ್ತೇನೆ ಎಂದು ಬೆಳ್ತಂಗಡಿಯಿಂದ ಮಂಗಳೂರಿನವರೆಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

"ಇದಕ್ಕೆ ಲೆಕ್ಕ ಬೇರೆ ಬೇಕಾ?" ಎಂದ ಸಂಪತ್‌ಕುಮಾರ. "ಗುರುವಾರವೇ ಹೇಳಿದ್ದೇನಲ್ಲ. ಈ ಮೆಷಿನು ಒಮ್ಮೆ ಹಾದರೆ ಕಂಬಳಿಯಲ್ಲಿ ಒಂದು ಕಣ ಉಳಿಯುವುದಿಲ್ಲ. ಸಾಹೇಬರು ಸ್ವತಃ ನೋಡಿದ್ದಾರೆ."

"ನೋಡಿದ್ದಾರೆ, ಬರೆದೂ ಇದ್ದಾರೆ. 'ರತ್ನಗಂಬಳಿ ಯಂತ್ರದಿಂದ ಶುದ್ಧವಾಗಿದೆ, ತನಿಖೆಗೆ ಯೋಗ್ಯವಾದದ್ದು ಏನೂ ಇಲ್ಲ' ಅಂತ," ಎಂದ ನೋಣಯ್ಯ.

ಶ್ರೀಕೃಷ್ಣ ರಾವ್ ಕೆಮ್ಮಿದ. ಓದಿದವರಿಗೆ ಇದೊಂದು ರೋಗ. ಪದ್ಮಾಕ್ಷಿ ಪೊರಕೆ ಹಿಡಿದು 'ಗುಡಿಸಿದೆ' ಎಂದರೆ ಮೂಲೆ ಮೂಲೆ ಬಗ್ಗಿ ನೋಡುತ್ತಾರೆ. ಯಂತ್ರ 'ಗುಂಯ್' ಎಂದರೆ ಸಾಕು, ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ ನಂಬಿ ಸಹಿ ಹಾಕುತ್ತಾರೆ.

ನೋಣಯ್ಯ ಕಂಬಳಿಯ ಬಾಗಿಲ ಬದಿಯ ಒಂದು ಮೂಲೆಯಲ್ಲಿ ಹೊಯಿಗೆಯನ್ನು ಸುರಿದು ಅಂಗೈಯಿಂದ ಹರಡಿದ. ಚಪ್ಪಲಿ ಬಿಟ್ಟು ಅದರ ಮೇಲೆ ಹತ್ತು ಸಲ ಅತ್ತಿತ್ತ ನಡೆದ.

"ಅದೆಂತ ಕುಣಿತ?" ಎಂದ ಸಂಪತ್‌ಕುಮಾರ.

"ಮನೆಯಲ್ಲಿ ಜನ ನಡೆಯುವುದಿಲ್ಲವಾ? ಹಾಗೆ. ಈಗ ನಿಮ್ಮ ಮೆಷಿನು ಬಿಡಿ."

ಸಂಪತ್‌ಕುಮಾರ ಒಳಗಿನ ಚೀಲವನ್ನು ಝಾಡಿಸಿ ಖಾಲಿ ಎಂದು ತೋರಿಸಿ, ಗುಂಡಿ ಒತ್ತಿದ. ಯಂತ್ರ ಬೊಬ್ಬೆ ಹಾಕಿತು. ಮೆಟ್ಟಿಲ ಮೇಲಿನ ಪದ್ಮಾಕ್ಷಿ ಬೆಚ್ಚಿ ತಲೆಯೆತ್ತಿದಳು. ಕೊಳವೆಯ ಬಾಯಿ ಹಾದುಹೋದಲ್ಲೆಲ್ಲ ಹೊಯಿಗೆ ಮಾಯವಾಗಿ ಕೆಂಪು ಬಣ್ಣ ಮೇಲೆ ಬಂತು. ನಿಜಕ್ಕೂ ನೋಡಲು ಚೆಂದ. ಎರಡು ನಿಮಿಷದಲ್ಲಿ ಆ ಮೂಲೆ ಹೊಸ ಸೀರೆಯ ಹಾಗೆ ಕಂಡಿತು.

"ಈಗ ಹೇಳಿ. ಒಂದು ಕಣ ಉಂಟಾ?"

ನೋಣಯ್ಯ ಚೀಲದೊಳಗಿದ್ದದ್ದನ್ನು ತಟ್ಟೆಗೆ ಸುರಿದು ತೂಗಿದ. ಒಂದು ಕಲ್ಲು ತೆಗೆದ, ಇನ್ನೊಂದು ತೆಗೆದ.

"ನೂರ ಮೂವತ್ತು."

"ಈ ಊರಿನ ಕರೆಂಟಿನದ್ದು ಸಮಸ್ಯೆ ಮಾರಾಯ್ರೆ. ವೋಲ್ಟೇಜು ಇಲ್ಲ."

"ಗುರುವಾರ ಬೇರೆ ಊರಿನ ಕರೆಂಟು ಬಂದಿತ್ತಾ? ಇನ್ನೊಮ್ಮೆ ಬಿಡಿ."

ಎರಡನೆಯ ಸಲ ಇಪ್ಪತ್ತು ಗ್ರಾಂ ಬಂತು. ಮೂರನೆಯ ಸಲ ಆರು. ನಾಲ್ಕನೆಯ ಸಲ ಯಂತ್ರ ಎಷ್ಟು ಬೊಬ್ಬೆ ಹೊಡೆದರೂ ಚೀಲದಲ್ಲಿ ಒಂದು ಚಿಟಿಕೆ ನೂಲಿನ ಜುಂಗು ಬಿಟ್ಟರೆ ಏನಿಲ್ಲ.

"ನೂರ ಐವತ್ತಾರು," ಎಂದ ನೋಣಯ್ಯ ತಕ್ಕಡಿ ಕೆಳಗಿಟ್ಟು. "ಇನ್ನು ನಲವತ್ತನಾಲ್ಕು ಗ್ರಾಂ ಎಲ್ಲಿ ಹೋಯಿತು ಸಂಪತ್‌ಕುಮಾರರೇ? ಕಣ್ಣಿಗಂತೂ ಕಾಣುವುದಿಲ್ಲ. ನಿಮ್ಮ ಮೆಷಿನು ಮೇಲಿನದ್ದನ್ನು ಎಳೆಯುತ್ತದೆ, ಒಪ್ಪಿದೆ. ಭಾರದ್ದು, ಹರಳಿನಂಥದ್ದು ಕಾಲಡಿಯಲ್ಲಿ ಬುಡಕ್ಕೆ ಇಳಿದರೆ ಅದನ್ನು ಕಂಬಳಿ ನುಂಗಿ ಕೂರುತ್ತದೆ."

ಸಂಪತ್‌ಕುಮಾರ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ಹೊಯಿಗೆಯ ಮಾತಿಗೆ ಅಷ್ಟು ಬೆವರು ಯಾಕೆ ಎಂದು ಶ್ರೀಕೃಷ್ಣ ರಾವ್ ಕೂಡ ಈಗ ಅವನನ್ನೇ ನೋಡಿದ.

"ಅಮ್ಮ," ಎಂದು ನೋಣಯ್ಯ ಬಾಗಿಲ ಕಡೆ ತಿರುಗಿದ. "ಚೀಲದ ಮಾತು ಸಾಹೇಬರಿಗೆ ಒಮ್ಮೆ ಹೇಳಿ."

ಅನಂತಮತಿಯಮ್ಮ ಹೊಸ್ತಿಲಲ್ಲಿ ಬಿಳಿ ಸೀರೆ ಹೊದ್ದು ನಿಂತಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು. ಇರುವೆ ಕಂಡರೆ ದಾರಿ ಬಿಡುವವರು. ನಿನ್ನೆ ರಾತ್ರಿಯೇ ಆಳಿನ ಕೈಯಲ್ಲಿ ಕಾಗದ ಕಳಿಸಿ, ಮೆಷಿನು ಮತ್ತು ಚೀಲದ ಸಂಗತಿಯನ್ನೆಲ್ಲ ತಿಳಿಸಿ ನೋಣಯ್ಯನನ್ನು ಕರೆಸಿಕೊಂಡವರೂ ಅವರೇ. ಹನ್ನೆರಡು ವರ್ಷಗಳ ಹಿಂದೆ ಇದೇ ಬಿಂಬ ಒಮ್ಮೆ ಕಳವಾದಾಗ, ನೆರಿಯದ ಕಾಡಂಚಿನ ಗುಡಿಸಲಲ್ಲಿ ಕಳ್ಳನನ್ನು ಹಿಡಿದು, ಕೇಸು ಮುಗಿದ ಮೇಲೆ ಸ್ವಾಮಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದುಕೊಟ್ಟವನು ನೋಣಯ್ಯ. ಆ ನಂಬಿಕೆ.

"ಈ ಮೆಷಿನು ಬಂದಂದಿನಿಂದ ಅದರ ಚೀಲ ಬಿಚ್ಚುವುದು ನಾನು," ಎಂದರು ಅವರು ನಿಧಾನವಾಗಿ. "ಧೂಳಿನೊಟ್ಟಿಗೆ ಎಷ್ಟು ಜೀವಗಳನ್ನು ಎಳೆದುಕೊಳ್ಳುತ್ತದೋ ಯಾರಿಗೆ ಗೊತ್ತು. ಬಿಸಿಲಿಗೆ ಬಿಸಾಡಿದರೆ ಸಾಯುತ್ತವೆ. ಅದಕ್ಕೆ ಸಂಪಿಗೆ ಮರದ ಅಡಿಯಲ್ಲಿ, ನೆರಳಿನಲ್ಲಿ, ಮೆಲ್ಲ ಸುರಿಯುತ್ತೇನೆ. ದಿನಾ ಒಂದು ಮುಷ್ಟಿ ಧೂಳು ಇರುತ್ತದೆ. ಗುರುವಾರ ಮಾತ್ರ ಚೀಲ ಖಾಲಿ. ಖಾಲಿ ಮಾತ್ರ ಅಲ್ಲ, ಒದ್ದೆ. ಯಾರೋ ತೊಳೆದಿದ್ದರು."

"ಅರ್ಧ ಗಂಟೆ ಮೆಷಿನು ಓಡಿತ್ತು, ಚೀಲ ಮಾತ್ರ ತೊಳೆದದ್ದು," ಎಂದ ನೋಣಯ್ಯ. "ಅದರ ಕಬ್ಬಿಣದ ಮೈ ಮೇಲೆ ಇಲ್ಲಿ ಬಣ್ಣ ಎದ್ದುಹೋಗಿದೆ, ನೋಡಿ. ಹೊಸ ಪೆಟ್ಟು. ಸಾಹೇಬರೇ, ಕಂಬಳಿ ಮಗುಚುವ."

"ಬಡಿಯಬೇಡಿ," ಎಂದರು ಅನಂತಮತಿಯಮ್ಮ ತಕ್ಷಣ. "ಅದರಲ್ಲೂ ಜೀವ ಉಂಟು."

"ಬಡಿಯುವುದಿಲ್ಲ ಅಮ್ಮ."

ಚಾವಡಿಯ ನೆರಳಿನಲ್ಲಿ ಒಂದು ಬಿಳಿ ಪಂಚೆ ಹಾಸಿದರು. ಕಾನ್‌ಸ್ಟೇಬಲ್, ಶ್ರೀಕೃಷ್ಣ ರಾವ್, ನೋಣಯ್ಯ ಮೂವರೂ ಸೇರಿ ಕಂಬಳಿಯನ್ನು ಹೊತ್ತು ತಂದು ಮುಖ ಕೆಳಗಾಗಿ ಅದರ ಮೇಲೆ ಹರಡಿದರು. ಸಂಪತ್‌ಕುಮಾರ ಮಾತ್ರ ಕೈ ಹಾಕಲಿಲ್ಲ. ಮಂಡಿಯೂರಿ ಕಂಬಳಿಯ ಬೆನ್ನನ್ನು ಅಂಗೈಯಿಂದ ತಟ್ಟುತ್ತ ಹೋಗಬೇಕು, ಮಗುವನ್ನು ಮಲಗಿಸುವಾಗ ತಟ್ಟುವ ಹಾಗೆ. ನೋಣಯ್ಯನ ಮಂಡಿ ನೋಯಿತು, ಧೂಳಿಗೆ ಉಬ್ಬಸ ಬಂತು.

ಆಗ ಯಾರೂ ಕರೆಯದೆ ಪದ್ಮಾಕ್ಷಿ ಎದ್ದು ಬಂದಳು. "ನೀವು ಬಿಡಿ ನೋಣಯ್ಯಣ್ಣ. ನನಗೆ ಅಭ್ಯಾಸ ಉಂಟು," ಎಂದು ಪಕ್ಕದಲ್ಲಿ ಕೂತು ತಟ್ಟತೊಡಗಿದಳು. ಕಾನ್‌ಸ್ಟೇಬಲ್ ತಡೆಯಲು ಹೋದವನು ಸುಮ್ಮನಾದ. ಕಳ್ಳಿ ಎಂದು ಕರೆದವರ ಕಂಬಳಿಯನ್ನು ಅವಳು ಅಷ್ಟು ಮೆತ್ತಗೆ ತಟ್ಟುವುದನ್ನು ನೋಡಿ ನೋಣಯ್ಯ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

"ನಿನ್ನೆ ಜೀಪಿನಲ್ಲಿ ಪೇಟೆಯ ಮಧ್ಯದಿಂದ ಕರಕೊಂಡು ಹೋದ್ರು," ಎಂದಳು ಅವಳು ತಲೆಯೆತ್ತದೆ. "ಎಲ್ಲರೂ ನೋಡಿದ್ರು. ಐಸಮ್ಮನ ಹತ್ರ ದಿನಾ ಮೀನು ತಗೊಳ್ಳುವುದು ನಾನು. ಅವಳೂ ನೋಡಿ ಮುಖ ತಿರುಗಿಸಿದ್ಲು."

"ಇವತ್ತು ಅದೇ ದಾರಿಯಲ್ಲಿ ನಡೆದುಕೊಂಡು ಮನೆಗೆ ಹೋಗ್ತಿ," ಎಂದ ನೋಣಯ್ಯ. ಹೇಳಿದ ಮೇಲೆ, ಕೊಡಬಾರದ ಮಾತು ಕೊಟ್ಟೆನೇನೋ ಎಂದು ಅಳುಕಿದ.

ಕಂಬಳಿ ಎತ್ತಿದಾಗ ಪಂಚೆಯ ಮೇಲೆ ಬಾಗಿಲ ಮೂಲೆಯ ಭಾಗದಲ್ಲಿ ನೇತ್ರಾವತಿಯ ಹೊಯಿಗೆ ಒಂದು ಹಿಡಿ ಬಿದ್ದಿತ್ತು. ಉಳಿದ ಕಡೆಯೆಲ್ಲ ವರ್ಷಗಳ ಬೂದುಬಣ್ಣದ ಮಣ್ಣು. ಆದರೆ ನಡುವೆ, ಯಂತ್ರ ಕೂತಿದ್ದ ಜಾಗದ ನೇರಕ್ಕೆ, ಮಣ್ಣಿನೊಳಗೆ ಏನೋ ಮಿನುಗಿತು. ಸಾಸಿವೆಯಷ್ಟು, ಅಕ್ಕಿಯಷ್ಟು, ಒಂದಂತೂ ಹುಣಸೆಬೀಜದಷ್ಟು ದೊಡ್ಡದು. ಬಿಳಿ ಚೂರುಗಳು.

ನೋಣಯ್ಯ ಬಗ್ಗಿ ಒಂದು ಚೂರನ್ನು ಎತ್ತಿಕೊಂಡ.

"ಕಳವಾದದ್ದಲ್ಲ," ಎಂದ ನೋಣಯ್ಯ. "ಒಡೆದದ್ದು. ಈ ಕೋಣೆಯಲ್ಲೇ."

ಸಂಪತ್‌ಕುಮಾರ ಕಂಬಕ್ಕೆ ಒರಗಿ ಕೂತ. ಅಷ್ಟು ಹೊತ್ತು ಏಜೆಂಟರ ಹಾಗೆ ಮಾತಾಡಿದ ಬಾಯಿಂದ ಈಗ ಸಣ್ಣ ದನಿ ಬಂತು.

"ಬೇಕೂಂತ ಮಾಡಿದ್ದಲ್ಲ ಅತ್ತೆ. ದೇವರಕೋಣೆಗೆ ಸುಣ್ಣ ಹೊಡೆದು ಒಣಗಲಿಕ್ಕೆ ಬಿಟ್ಟಿದ್ರಲ್ಲ, ಸ್ವಾಮಿಯನ್ನು ಈ ಕೋಣೆಯ ಮಣೆಯ ಮೇಲೆ ಇಟ್ಟಿದ್ರು. ಮಂಗಳೂರಿನ ಹೋಟೆಲಿನವರು ಮೆಷಿನು ನೋಡಲಿಕ್ಕೆ ಬರ್ತಾರೆ ಅಂತ ನಾನು ಕಂಬಳಿ ಗುಡಿಸ್ತಾ ಇದ್ದೆ. ವಯರು ಮಣೆಗೆ ಸಿಕ್ಕಿತು. ಎಳೆದೆ. ಸ್ವಾಮಿ ಮೆಷಿನಿನ ಮೇಲೆ ಬಿತ್ತು."

"ಆಮೇಲೆ?"

"ದೊಡ್ಡ ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿ ಕೆರೆಗೆ ಬಿಟ್ಟೆ. ಭಿನ್ನವಾದ ಬಿಂಬವನ್ನು ನೀರಿಗೆ ಬಿಡಬೇಕಲ್ಲ. ಪುಡಿಯನ್ನೆಲ್ಲ ಮೆಷಿನಿಗೆ ಕೊಟ್ಟೆ. ಒಂದು ಕಣ ಉಳಿಯಲಿಲ್ಲ ಅಂತ ನಾನೇ ನಂಬಿದ್ದೆ."

ತನ್ನ ಸರಕನ್ನು ತಾನೇ ನಂಬುವ ವ್ಯಾಪಾರಿಯನ್ನು ನೋಣಯ್ಯ ಜೀವಮಾನದಲ್ಲಿ ಕಂಡದ್ದು ಇದೇ ಮೊದಲು. ಇನ್ನೊಂದು ದಿನವಾಗಿದ್ದರೆ ನಗುತ್ತಿದ್ದ.

"ಇವಳನ್ನು ಹಿಡಿದುಕೊಂಡು ಹೋಗುವಾಗ ಬಾಯಿ ಎಲ್ಲಿಟ್ಟಿದ್ರಿ?"

ಸಂಪತ್‌ಕುಮಾರ ಪದ್ಮಾಕ್ಷಿಯ ಕಡೆ ನೋಡಲಿಲ್ಲ. "ಹೆದರಿದೆ," ಎಂದ. "ಮೂರು ತಲೆಮಾರಿನ ಸ್ವಾಮಿ. ಯಾರಿಗೆ ಮುಖ ತೋರಿಸಲಿ?"

ಪದ್ಮಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೈಯಲಿಲ್ಲ, ಶಪಿಸಲಿಲ್ಲ. "ನಾನು ಹೋಗಬಹುದಾ?" ಎಂದಷ್ಟೇ ಕೇಳಿದಳು. ಶ್ರೀಕೃಷ್ಣ ರಾವ್ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟು, ಅವಳನ್ನು ಬಿಡುಗಡೆ ಮಾಡುವ ಕಾಗದ ಬರೆಯಲು ಕೂತ. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತ್ತು. ಇನ್ನೂ ಹೊತ್ತಿತ್ತು. ಎಲ್ಲ ಸರಿಹೋಯಿತು ಎಂದು ನೋಣಯ್ಯ ನಿಟ್ಟುಸಿರು ಬಿಡಬೇಕಿತ್ತು.

ಬಿಡಲಾಗಲಿಲ್ಲ. ಒಂದು ಹುಳ ಅವನ ತಲೆ ಕೊರೆಯುತ್ತಿತ್ತು. ಸ್ಫಟಿಕವೆಂದರೆ ಕಲ್ಲು. ಮೊಣಕಾಲೆತ್ತರದ ಮಣೆಯಿಂದ ಬಿದ್ದರೆ ಸೀಳಬಹುದು, ಎರಡಾಗಬಹುದು. ಇಷ್ಟು ಪುಡಿಯಾಗುತ್ತದೆಯೇ?

ಕನ್ನಡಕ ತೆಗೆದು, ಅದರ ಗಾಜನ್ನು ಹುಣಸೆಬೀಜದಷ್ಟಿದ್ದ ಚೂರಿನ ಮೇಲೆ ಹಿಡಿದು ನೋಡಿದ. ಚೂರಿನ ಹೊಟ್ಟೆಯಲ್ಲಿ ಒಂದು ಗುಳ್ಳೆ. ಪುಟ್ಟ, ದುಂಡನೆಯ ಗಾಳಿಗುಳ್ಳೆ. ಗೋಲಿ ಸೋಡಾದ ಬಾಟಲಿಯ ತಳದಲ್ಲಿ ಇರುತ್ತದಲ್ಲ, ಅಂಥದ್ದೇ.

ಕಲ್ಲಿನಲ್ಲಿ ಬಿರುಕಿರುತ್ತದೆ, ಮೋಡವಿರುತ್ತದೆ. ಹೀಗೆ ದುಂಡನೆಯ ಗುಳ್ಳೆ ಇರುವುದಿಲ್ಲ. ಅದು ಕುಲುಮೆಯಲ್ಲಿ ಕರಗಿಸಿ ಎರೆದ ಗಾಜಿಗೆ ಮಾತ್ರ.

ಸಂಪತ್‌ಕುಮಾರ ಒಡೆದದ್ದು ಸ್ವಾಮಿಯನ್ನಲ್ಲ. ಸ್ವಾಮಿ ಎಂದೋ ಹೋಗಿಯಾಗಿದೆ. ಈ ಮನೆಯವರು ಎಷ್ಟೋ ಕಾಲದಿಂದ ಗಾಜಿನ ತುಂಡಿಗೆ ಕೈ ಮುಗಿಯುತ್ತಿದ್ದಾರೆ. ಹಾಗಾದರೆ ಕಳವು ನಿಜ. ಯಾವಾಗ ಎಂಬುದೇ ಗೊತ್ತಿಲ್ಲದ ಕಳವು. ಇದನ್ನು ಈಗ ಬಾಯಿಬಿಟ್ಟು ಹೇಳಿದರೆ, ಇಪ್ಪತ್ತೆರಡು ವರ್ಷ ಈ ಮನೆಯೊಳಗೆ ಓಡಾಡಿದ ಪದ್ಮಾಕ್ಷಿಯ ಗತಿ?

ಮೇಜಿನ ಮೇಲೆ ಪೆನ್ನು ಸರಸರ ಓಡುತ್ತಿತ್ತು. ಇನ್ನೆರಡು ಸಾಲು, ಒಂದು ಸಹಿ. ಆಮೇಲೆ ಅವಳು ಮನೆಗೆ ಹೋಗಬಹುದು. ನೋಣಯ್ಯ ಆ ಚೂರನ್ನು ಮುಷ್ಟಿಯಲ್ಲಿ ಮುಚ್ಚಿ ಮೆಲ್ಲಗೆ ಅಂಗಿಯ ಜೇಬಿನ ಕಡೆ ಒಯ್ದ. ಮೂವತ್ತು ವರ್ಷದ ನೌಕರಿಯಲ್ಲಿ ಅವನು ಬಚ್ಚಿಡಲು ಹೊರಟ ಮೊದಲ ಸಾಕ್ಷಿ ಅದು.

"ಅದನ್ನು ಇಲ್ಲಿ ಕೊಡಿ ನೋಣಯ್ಯ."

ಅನಂತಮತಿಯಮ್ಮ ಕೈ ಚಾಚಿ ನಿಂತಿದ್ದರು. ಕೊಡದೆ ವಿಧಿಯಿರಲಿಲ್ಲ. ಅವರು ಚೂರನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಹಣೆಗೆ ಒತ್ತಿಕೊಂಡರು. ಆಮೇಲೆ ಪಂಚೆಯಿಂದ ಇನ್ನೊಂದು ಚೂರನ್ನು ಎತ್ತಿ ಅದನ್ನೂ ಒತ್ತಿಕೊಂಡರು.

"ಚಿಕ್ಕಂದಿನಲ್ಲಿ ಜ್ವರ ಬಂದರೆ, ಪೂಜೆ ಮಾಡುವ ಇಂದ್ರರಿಗೆ ಹೇಳದೆ ಅಜ್ಜಿ ನನ್ನ ಹಣೆಗೆ ಸ್ವಾಮಿಯನ್ನು ಮುಟ್ಟಿಸುತ್ತಿದ್ದರು," ಎಂದರು. "ಬಾವಿಯ ನೀರಿನ ಹಾಗೆ ತಣ್ಣಗೆ. ಎಂಥ ಸೆಕೆಯಲ್ಲೂ ತಣ್ಣಗೆ. ಇದು ಹಾಗಿಲ್ಲ. ಇದು ಸ್ವಾಮಿ ಅಲ್ಲ."

ಪೆನ್ನು ನಿಂತಿತು.

"ನೀವು ತಂದುಕೊಟ್ಟ ದಿನ ನಾನು ಒಮ್ಮೆ ಮುಟ್ಟಿದ್ದೆ," ಎಂದು ಅವರು ಮುಂದುವರಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನೋಣಯ್ಯನಿಗೆ ಹೆದರಿಕೆಯಾದದ್ದು ಅದಕ್ಕೇ. "ಆವಾಗಲೂ ಬೆಚ್ಚಗಿತ್ತು. ಬಂಟ್ವಾಳದಿಂದ ನಿಮ್ಮ ಮಡಿಲಲ್ಲಿ ಬಂದದ್ದಲ್ಲವಾ, ಮೈಯ ಬಿಸಿ ಇರಬೇಕು ಅಂದುಕೊಂಡೆ. ಆಮೇಲೆ ಮುಟ್ಟಲೇ ಇಲ್ಲ. ಇಂದ್ರರೇ ಅಭಿಷೇಕ ಮಾಡುವುದು. ಈಗಿನವರು ಬಂದದ್ದು ಅದರ ನಂತರ. ಹಳೆಯದನ್ನು ಅವರು ನೋಡಿದವರಲ್ಲ. ನಮ್ಮ ಸ್ವಾಮಿ ಈ ಹೊಸ್ತಿಲು ದಾಟಿ ಹೋದದ್ದು ಒಂದೇ ಸಲ, ನೋಣಯ್ಯ. ಮರಳಿ ತಂದವರು ನೀವು."

"ಹಾಗಾದರೆ ನಾನು ಒಡೆದದ್ದು ಬರೀ ಗಾಜು!" ಎಂದ ಸಂಪತ್‌ಕುಮಾರ. ಅವನ ಮುಖದಲ್ಲಿ ಕಂಡ ಸಮಾಧಾನ ನೋಡಲು ಅಸಹ್ಯವಾಗಿತ್ತು.

ನೋಣಯ್ಯನಿಗೆ ಅದು ಕೇಳಿಸಲಿಲ್ಲ. ಹನ್ನೆರಡು ವರ್ಷದ ಹಿಂದಿನ ಆ ಸಂಜೆ ಕಣ್ಣೆದುರು ಬಂದು ನಿಂತಿತ್ತು. ಕೊನೆಯ ಬಸ್ಸು ಹೊರಡುವುದರಲ್ಲಿತ್ತು. ಏಳು ತಿಂಗಳು ಮಾಲುಖಾನೆಯಲ್ಲಿ ಬಿದ್ದಿದ್ದ ಕೆಂಪು ಬಟ್ಟೆಯ ಗಂಟು, ಮೈತುಂಬ ಧೂಳು. ಮೇಲಿನ ಅರಗಿನ ಮೊಹರು ಮಾತ್ರ ಹೊಚ್ಚ ಹೊಸದು, ಒಂದು ಕಣ ಧೂಳಿಲ್ಲ. ಅದನ್ನು ಕಂಡಿದ್ದ. ಕಂಡೂ ಕೇಳಲಿಲ್ಲ. ಬಿಚ್ಚಿ ನೋಡಲಿಲ್ಲ. ಬಸ್ಸು ತಪ್ಪುತ್ತದೆ ಎಂದು 'ಸರಿಯಾಗಿ ಉಂಟು' ಎಂದು ಸಹಿ ಹಾಕಿ ಓಡಿದ್ದ.

ಗಂಟು ಎತ್ತಿ ಕೊಟ್ಟವನು ಮಾಲುಖಾನೆಯ ಬೀಗದ ಕೈ ಇಟ್ಟುಕೊಂಡಿದ್ದ ರೈಟರ್.

ಶ್ರೀಕೃಷ್ಣ ರಾವ್ ಅರ್ಧ ಬರೆದ ಬಿಡುಗಡೆಯ ಕಾಗದವನ್ನು ಮಡಚಿ ಬದಿಗಿಟ್ಟ. ಹೊಸ ಹಾಳೆ ತೆಗೆದ. ಟೊಪ್ಪಿಯನ್ನು ಮತ್ತೆ ತಲೆಗೇರಿಸಿದ.

"ಕಳವು ಯಾವಾಗ ಆಯಿತು ಅಂತ ತಿಳಿಯುವವರೆಗೆ ಇವಳನ್ನು ಬಿಡಲಿಕ್ಕೆ ಆಗುವುದಿಲ್ಲ," ಎಂದ ಯಾರ ಮುಖವನ್ನೂ ನೋಡದೆ. "ಅಮ್ಮನವರ ಹೇಳಿಕೆ ಬರೆದುಕೊಳ್ಳಬೇಕಾಯಿತು. ಬಿಂಬವನ್ನು ಠಾಣೆಯಿಂದ ತಂದದ್ದು ಹೆಡ್ ಕಾನ್‌ಸ್ಟೇಬಲ್ ನೋಣಯ್ಯ. ಹೌದಲ್ಲವಾ ನೋಣಯ್ಯನವರೇ? ಬರೆಯಲಾ?"

ಪದ್ಮಾಕ್ಷಿ ಒಂದು ಕಾಲನ್ನು ಆಗಲೇ ಅಂಗಳಕ್ಕೆ ಇಳಿಸಿದ್ದಳು. ಅದನ್ನು ಹಿಂದಕ್ಕೆ ತೆಗೆದುಕೊಂಡು ನೋಣಯ್ಯನ ಮುಖವನ್ನೇ ನೋಡಿದಳು.

"ಬರೆ ಶ್ರೀಕೃಷ್ಣ," ಎಂದ ನೋಣಯ್ಯ. ಸಾಹೇಬರೇ ಎಂಬ ಮಾತು ಅವನ ಬಾಯಿಂದ ಉದುರಿಹೋಗಿತ್ತು. "ತಂದದ್ದು ನೋಣಯ್ಯ ಅಂತಲೇ ಬರೆ. ಅದರ ಮೇಲೊಂದು ಸಾಲು ಜಾಗ ಬಿಡು. ಹೊಸ ಅರಗು ಹಾಕಿದ ಗಂಟನ್ನು ನೋಣಯ್ಯನ ಕೈಗೆ ಕೊಟ್ಟದ್ದು ಯಾರು ಅಂತ ಅಲ್ಲಿ ಬರೆಯಬೇಕು. ಹೆಸರು ನಾನು ಹೇಳಬೇಕಾ, ನೀನೇ ಬರೆದುಕೊಳ್ತಿಯಾ?"

ಶ್ರೀಕೃಷ್ಣ ರಾವ್ ಪೆನ್ನಿನ ಟೊಪ್ಪಿ ಮುಚ್ಚಿ, ಕಾನ್‌ಸ್ಟೇಬಲನ ಕಡೆ ತಿರುಗಿದ.

"ಜೀಪಿಗೆ ಹತ್ತಿಸು," ಎಂದ ಪದ್ಮಾಕ್ಷಿಯನ್ನೂ ನೋಣಯ್ಯನನ್ನೂ ಬೆರಳಿನಿಂದ ತೋರಿಸಿ. "ಇಬ್ಬರನ್ನೂ."